ಉಪವಾಸ ಕೂತ ಕಳ್ಳ

ಊರವರ ಬೀಗ ರಿಪೇರಿ ಮಾಡಿ ಹೊಟ್ಟೆ ಹೊರೆಯುವವನು ನಾನು. ನನ್ನ ಮನೆಯಲ್ಲೇ ಸಕ್ಕರೆ ಡಬ್ಬಿ ಕಪಾಟಿನೊಳಗೆ ಬಂದಿಯಾಗಿದೆ. ಬೀಗ ನನ್ನ ಅಂಗಡಿಯದೇ, ಹಾಕಿದವನೂ ನಾನೇ. ಬೀಗದ ಕೈ ಮಾತ್ರ ದಾರಕ್ಕೆ ಪೋಣಿಸಿಕೊಂಡು ಹೆಂಡತಿಯ ಕೊರಳಲ್ಲಿದೆ. (ಬಿಟ್ಟಿ ಕೆಲಸಕ್ಕೆ ಇದಕ್ಕಿಂತ ಹೆಚ್ಚಿನ ಮರ್ಯಾದೆ ಸಿಗುವುದಿಲ್ಲ.)

ಡಾಕ್ಟರಮ್ಮ ಕಳೆದ ತಿಂಗಳೇ ಹೇಳಿಬಿಟ್ಟಿದ್ದರು: ಬೆಳಗಿನ ಖಾಲಿಹೊಟ್ಟೆಯ ಸಕ್ಕರೆ ಮುಂದಿನ ಸಲವೂ ಇಳಿಯದಿದ್ದರೆ ದಿನಾ ಇನ್ಸುಲಿನ್ ಸೂಜಿ. ಸೂಜಿ ಎಂದರೆ ನನಗೆ ಕೈಕಾಲು ತಣ್ಣಗಾಗುತ್ತದೆ. ಅದಕ್ಕೇ ಪರೀಕ್ಷೆಯ ಹಿಂದಿನ ದಿನ ಬೆಳಗಿನಿಂದಲೇ ನೀರು ಮಾತ್ರ ಕುಡಿದು ಉಗ್ರ ತಪಸ್ಸಿಗೆ ಕೂತೆ.

ಫಲ: ಹಿಂದಿನದಕ್ಕಿಂತ ಮೂವತ್ತು ಜಾಸ್ತಿ.

ಡಾಕ್ಟರಮ್ಮನ ಮುಂದೆಯೇ ಹೆಂಡತಿ ವಿಚಾರಣೆ ಶುರುಮಾಡಿದಳು.

"ಏನ್ ತಿಂದ್ರಿ?"

"ನಿನ್ನಾಣೆ ಕಣೇ, ಬರೀ ನೀರು."

"ಹಾಗಾದ್ರೆ ನಮ್ಮನೆ ನಲ್ಲೀಲಿ ಸಕ್ಕರೆ ನೀರು ಬರ್ತಿದೆ ಅನ್ನಿ. ಇನ್ಮೇಲೆ ನಿಮ್ಮ ಒಂದು ಮಾತೂ ನಂಬಲ್ಲ."

ನನಗೆ ಅಳುವೇ ಬಂತು. ಜೀವಮಾನದಲ್ಲಿ ಒಂದೇ ಒಂದು ದಿನ ಪ್ರಾಮಾಣಿಕನಾಗಿದ್ದೆ, ಆ ದಿನವೇ ಕಳ್ಳ ಅನ್ನಿಸಿಕೊಂಡೆ.

"ಅವರನ್ನ ಬೈಬೇಡಿ," ಎಂದರು ಡಾಕ್ಟರಮ್ಮ. "ಗ್ಲುಕಗಾನ್ ಅಂತ ಒಂದು ಹಾರ್ಮೋನು ಇದೆ. ಹೊಟ್ಟೆಗೆ ಏನೂ ಬೀಳದಿದ್ರೆ, ಅದು ಲಿವರಿನ ಉಗ್ರಾಣ ತೆಗೆಸಿ ರಕ್ತಕ್ಕೆ ಸಕ್ಕರೆ ಸುರಿಸುತ್ತೆ. ಸಾಕು ನಿಲ್ಲಿಸು ಅನ್ನೋದು ಇನ್ಸುಲಿನ್ ಕೆಲಸ. ರಕ್ತದ ಸಕ್ಕರೆಗೆ ಜೀವಕೋಶದ ಬಾಗಿಲು ತೆಗೆಯೋದೂ ಅದೇ. ಇವರ ಮೈಯಲ್ಲಿ ಅದರ ಮಾತು ನಡೀತಿಲ್ಲ."

(ಮೈಯೊಳಗೂ ನನ್ನ ಮನೆಯದೇ ಕಥೆ.)

"ಅಂದ್ರೆ ಇವರು ತಿನ್ನದೇನೇ ಏರಿದ್ದಾ?"

"ಹೌದಮ್ಮ. ಪಥ್ಯ ಇಷ್ಟು ನಿಷ್ಠೆಯಿಂದ ಮಾಡ್ತಾರೆ ಅಂದ್ಮೇಲೆ ಸೂಜಿ ಈಗಲೇ ಬೇಡ. ಹೊತ್ತುಹೊತ್ತಿಗೆ ಊಟ ಮಾಡ್ಲಿ, ಒಂದು ತಿಂಗಳು ನೋಡೋಣ."

ಹೋದ ಜೀವ ಬಂದಂತಾಯಿತು. ಹೆಂಡತಿಯ ಕಣ್ಣು ಒದ್ದೆಯಾಗಿತ್ತು. ಕೊರಳಿನ ದಾರ ತೆಗೆದು ನನ್ನ ಅಂಗೈಗೆ ಹಾಕಿದಳು.

"ಸುಮ್ಸುಮ್ನೆ ಅನುಮಾನಪಟ್ಟೆ ರೀ. ಬೀಗದ ಕೈ ಇನ್ಮೇಲೆ ನಿಮ್ಮ ಹತ್ರಾನೇ ಇರ್ಲಿ."

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ತಪ್ಪೊಪ್ಪಿಕೊಂಡದ್ದು ಅದೇ ಮೊದಲು. ನನ್ನ ಎದೆ ತುಂಬಿ ಬಂತು. ಅಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವುದು ನನ್ನ ಹಣೆಯಲ್ಲಿ ಬರೆದಿಲ್ಲ.

"ಬೇಡ ಕಣೇ, ನೀನೇ ಇಟ್ಕೋ," ಎಂದೆ. "ನನ್ನ ಹತ್ರ ಇನ್ನೊಂದು ಇದೆಯಲ್ಲ."

ಡಾಕ್ಟರಮ್ಮ ಮುಚ್ಚಿಟ್ಟ ಪೆನ್ನನ್ನು ಮತ್ತೆ ತೆಗೆದರು. ಸೂಜಿ, ಔಷಧಿ ಎಲ್ಲ ಬರೆದು ತಲೆಯೆತ್ತಿದರು.

"ದಿನಾ ಚುಚ್ಚೋದನ್ನ ಮನೇಲಿ ಯಾರು ಕಲೀತೀರಿ?"

"ನಾನು," ಎಂದಳು ಹೆಂಡತಿ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು.