ಹಳೇ ಬ್ರಷ್ ಕೊಟ್ಟು ತೆಂಗಿನ ಸಸಿ ಪಡೆಯಿರಿ

ನನ್ನ ಹಲ್ಲುಗಳ ಬಗ್ಗೆ ನನಗೆ ಭಾರಿ ಹೆಮ್ಮೆಯಿತ್ತು. 'ಇದೆ' ಅನ್ನದೆ 'ಇತ್ತು' ಅಂತ ಯಾಕೆ ಅಂದೆ ಅನ್ನೋದು ಮುಂದೆ ತಾನಾಗೇ ಗೊತ್ತಾಗುತ್ತೆ. ಕಬ್ಬು ಸಿಗಿದ ಹಲ್ಲು, ಒಣಕೊಬ್ಬರಿ ಕಡಿದ ಹಲ್ಲು, ಮದುವೆ ಮನೆಗಳಲ್ಲಿ ಜ್ಯೂಸ್ ಬಾಟಲಿಯ ಮುಚ್ಚಳ ಕಚ್ಚಿ ತೆಗೆದು ಬೀಗರಿಂದ ಶಹಬ್ಬಾಸ್ ಅನ್ನಿಸಿಕೊಂಡ ಹಲ್ಲು! ಐವತ್ತು ಹತ್ತಿರ ಬಂದರೂ ಯಾವ ಡಾಕ್ಟರ ಮುಂದೆಯೂ ನಾನು ಬಾಯಿ ತೆರೆದವನಲ್ಲ. ಆದ್ದರಿಂದ ನಮ್ಮ ಕಂಪನಿಯ ದಂತ ಶಿಬಿರದ ಜವಾಬ್ದಾರಿ ನನ್ನ ಹೆಗಲಿಗೆ ಬಿದ್ದಾಗ, ಇದಕ್ಕೆ ನನಗಿಂತ ಯೋಗ್ಯ ಮನುಷ್ಯ ಇಡೀ ಹಾಸನ ಜಿಲ್ಲೆಯಲ್ಲಿ ಸಿಗಲಾರ ಅಂತ ನನಗೆ ಪ್ರಾಮಾಣಿಕವಾಗಿ ಅನ್ನಿಸಿತು.

ಇದು ತೊಂಬತ್ತರ ದಶಕದ ಕೊನೆಯ ಮಾತು. ಹಾಸನದಲ್ಲಿ ಪೆಪ್ಪರಮಿಂಟು ತಯಾರಿಸುವ ಒಂದು ಕಂಪನಿ. ನಾನು ಅಲ್ಲಿ ಮ್ಯಾನೇಜರು. ಒಡತಿ ಸಾವಿತ್ರಮ್ಮನವರು. ಗಂಡ ತೀರಿಕೊಂಡ ಮೇಲೆ ಇಡೀ ಫ್ಯಾಕ್ಟರಿಯನ್ನು ಒಬ್ಬರೇ ನಡೆಸಿದ ಗಟ್ಟಿಗಿತ್ತಿ. ಮಾತು ಕಡಿಮೆ, ಆಡಿದರೆ ನೇರ. ಒಂದು ದಿನ ನನ್ನನ್ನು ಕರೆಸಿ ಮೇಜಿನ ಮೇಲೆ ಒಂದು ಹಿಡಿ ಪೆಪ್ಪರಮಿಂಟು ಸುರಿದರು.

"ನಾಗರಾಜ್, ಇದನ್ನ ತಿಂದ ಮಕ್ಕಳ ಹಲ್ಲು ಹುಳುಕಾಗುತ್ತೆ. ಇದರ ಪ್ಲಾಸ್ಟಿಕ್ ಕವರು ಮಣ್ಣಲ್ಲಿ ಕರಗಲ್ಲ. ಎರಡೂ ನಮ್ಮ ಕೈಯಿಂದಲೇ ಆಗ್ತಿರೋದು. ಲಾಭ ಮನೆಗೆ ತಗೊಂಡೋಗಿ ಹುಳುಕನ್ನ ಊರಿಗೆ ಬಿಡೋದು ನನಗೆ ಸರಿಕಾಣ್ತಿಲ್ಲ. ಹಲ್ಲಿಗೂ ಏನಾದ್ರೂ ಮಾಡೋಣ, ಮಣ್ಣಿಗೂ ಏನಾದ್ರೂ ಮಾಡೋಣ."

ತನ್ನ ಅಂಗಡಿಯ ಸರಕಿನ ದೋಷವನ್ನು ತಾನೇ ಹೇಳುವ ಮಾಲೀಕರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಎದ್ದು ನಿಂತು ಕೈ ಮುಗಿಯೋಣ ಅನ್ನಿಸಿತು. ಆದರೆ ಬಾಯಲ್ಲಿ ಆಗಲೇ ಒಂದು ಪೆಪ್ಪರಮಿಂಟು ಇದ್ದುದರಿಂದ ಸುಮ್ಮನೆ ತಲೆಯಾಡಿಸಿದೆ.

ಅವರ ಯೋಚನೆ ದೊಡ್ಡದಿತ್ತು. ಯಾವುದಾದರೂ ಒಂದು ಹಳ್ಳಿಯ ಆಸ್ಪತ್ರೆಗೆ ಕಂಪನಿಯ ಕಡೆಯಿಂದ ಹಲ್ಲಿನ ಡಾಕ್ಟರ ಕುರ್ಚಿ, ಸಾಮಾನು ಎಲ್ಲ ಕೊಡುವುದು, ವಾರಕ್ಕೊಮ್ಮೆ ಹಾಸನದಿಂದ ಡಾಕ್ಟರನ್ನೂ ಕಳಿಸುವುದು. ಯಾವ ಹಳ್ಳಿ ಅಂತ ಕೇಳಿದ ತಕ್ಷಣ ನಮ್ಮೂರಿನ ಹೆಸರು ಹೇಳಿಬಿಟ್ಟೆ. ಚನ್ನರಾಯಪಟ್ಟಣದಿಂದ ಹೊಳೆನರಸೀಪುರದ ಕಡೆಗೆ ಬರುವ ದಾರಿಯಲ್ಲಿ ನಮ್ಮೂರು.

"ಕುರ್ಚಿ ಕೊಡೋದು ಸುಲಭ ನಾಗರಾಜ್. ಕೂರೋರು ಬೇಕಲ್ಲ? ಮೊದಲು ಒಂದು ಶಿಬಿರ ಮಾಡಿ. ಮಧ್ಯಾಹ್ನ ನಾನೇ ಬಂದು ನೋಡ್ತೀನಿ. ಜನ ಧೈರ್ಯವಾಗಿ ಬಾಯಿ ತೆರೆದಿದ್ರೆ ಕುರ್ಚಿ ನಿಮ್ಮೂರಿಗೆ. ಇಲ್ಲ ಅಂದ್ರೆ ಅರಕಲಗೂಡಿನ ಕಡೆಯವರು ಕೇಳ್ತಿದ್ದಾರೆ, ಅವರಿಗೆ."

ಅರಕಲಗೂಡಿನವರ ಮೇಲೆ ನನಗೆ ದ್ವೇಷವೇನಿಲ್ಲ. ಆದರೆ ನನ್ನ ದೊಡ್ಡಮ್ಮ ನಂಜಮ್ಮ ಇದ್ದದ್ದು ನಮ್ಮೂರಲ್ಲಿ. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು. ದವಡೆ ಹಲ್ಲು ಕೆಟ್ಟು, ನೋವಿಗೆ ಲವಂಗ ಕಚ್ಚಿ ಕಚ್ಚಿ ಆಕೆಯ ಸೀರೆ ಸೆರಗೆಲ್ಲ ಲವಂಗದ ವಾಸನೆ. ಹಾಸನಕ್ಕೆ ಬಾ ಅಂದರೆ, "ಬಸ್ಸತ್ತಿದ್ರೆ ವಾಂತಿ ಬತ್ತದೆ ಕಣ್ಲಾ. ಮುದ್ದೆ ನುಂಗಾಕೆ ಅಲ್ಲು ಯಾಕ್ಲಾ? ಓಗು!" ಅನ್ನುತ್ತಿದ್ದಳು. ಅನ್ನುವಾಗಲೂ ಕೆನ್ನೆ ಮೇಲಿನ ಕೈ ತೆಗೆಯುತ್ತಿರಲಿಲ್ಲ. ದೊಡ್ಡಮ್ಮ ಕುರ್ಚಿಯ ಹತ್ತಿರ ಹೋಗಲ್ಲ ಅಂದಮೇಲೆ ಕುರ್ಚಿಯೇ ದೊಡ್ಡಮ್ಮನ ಹತ್ತಿರ ಹೋಗಬೇಕು. ಹಾಗಾಗಿ ಆ ಕುರ್ಚಿ ನಮ್ಮೂರಿಗೆ ಬರಲೇಬೇಕಿತ್ತು.

ಜನರನ್ನು ಸೇರಿಸುವುದು ಹೇಗೆ? ಆಗ ನನ್ನ ತಲೆಗೆ ಒಂದು ಮಹಾಯೋಜನೆ ಹೊಳೆಯಿತು. ಹಳೇ ಪ್ಲಾಸ್ಟಿಕ್ ಬ್ರಷ್ ತಂದುಕೊಟ್ಟವರಿಗೆ ಒಂದು ತೆಂಗಿನ ಸಸಿ! ಪ್ಲಾಸ್ಟಿಕ್ಕೂ ಹೋಯಿತು, ಹಸಿರೂ ಬಂತು, ಹಲ್ಲೂ ಉದ್ಧಾರವಾಯಿತು. ಸಾವಿತ್ರಮ್ಮನವರು ಮೆಚ್ಚಿ, ಒಂದು ಲಾರಿ ಸಸಿ ತರಿಸಿಕೊಟ್ಟರು. ಯೋಜನೆಯ ಪ್ರಾಯೋಗಿಕ ಪರೀಕ್ಷೆಯನ್ನು ಮನೆಯಲ್ಲೇ ಮಾಡಲು ನಿರ್ಧರಿಸಿದೆ.

"ಗಿರಿಜಾ, ನಮ್ಮನೇಲಿರೋ ಹಳೇ ಬ್ರಷ್ಷೆಲ್ಲ ಕೊಡೇ."

ಹೆಂಡತಿ ಅಡುಗೆಮನೆಯಿಂದ ಇಣುಕಿದಳು. "ಯಾವುದು? ಬೆಳ್ಳಿ ದೀಪ ತಿಕ್ಕೋದಾ, ಮಿಕ್ಸಿ ಸಂದಿ ತೊಳೆಯೋದಾ, ಲಂಗಕ್ಕೆ ಲಾಡಿ ಪೋಣಿಸೋದಾ, ನಿಮ್ಮ ಮೀಸೆಗೆ ಬಣ್ಣ ಬಳಿಯೋದಾ?"

"ಕೆಲಸಕ್ಕೆ ಬಾರದೆ ಇರೋದು."

"ಅಂಥದ್ದು ಈ ಮನೇಲಿ ಬ್ರಷ್ಷುಗಳ ಪೈಕಿ ಯಾವುದೂ ಇಲ್ಲ," ಅಂತ ಹೇಳಿ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. "ರೀ, ಯಾರೂ ಕೊಡಲ್ಲ ನೋಡಿ. ನಮ್ಮ ಕಡೆ ಬ್ರಷ್ಷು ಯಾವತ್ತೂ ಹಳೇದಾಗಲ್ಲ."

ಮಹಾಯೋಜನೆಗಳಿಗೆ ಮನೆಯಲ್ಲಿ ಮೊದಲ ವಿರೋಧ ಬರುವುದು ಸಹಜ ಅಂತ ಸಮಾಧಾನ ಮಾಡಿಕೊಂಡೆ. ಆಟೋಗೆ ಮೈಕ್ ಕಟ್ಟಿಸಿ, ನನ್ನದೇ ಕಂಚಿನ ಕಂಠದಲ್ಲಿ ಕ್ಯಾಸೆಟ್ ರೆಕಾರ್ಡ್ ಮಾಡಿಸಿ, ನಮ್ಮೂರು ಮತ್ತು ಸುತ್ತಮುತ್ತಲ ಹಳ್ಳಿಗಳಿಗೆಲ್ಲ ಓಡಿಸಿದೆ. "ಹಳೇ ಬ್ರಷ್ ತನ್ನಿ, ತೆಂಗಿನ ಸಸಿ ಒಯ್ಯಿರಿ! ಆಸ್ಪತ್ರೆ ಅಂಗಳಕ್ಕೆ ಬನ್ನಿ! ಮರೆಯದಿರಿ, ಮರೆತು ನಿರಾಶರಾಗದಿರಿ!" ಹಲ್ಲಿನ ಡಾಕ್ಟರು ಬರುತ್ತಾರೆ ಅನ್ನುವ ಒಂದು ಸಣ್ಣ ವಿಷಯವನ್ನು ಹೇಳುವುದು ನಾನೇ ಮರೆತಿದ್ದೆ!

ಶಿಬಿರದ ದಿನ ಬೆಳಿಗ್ಗೆ ಆಸ್ಪತ್ರೆ ಅಂಗಳದಲ್ಲಿ ಮದುವೆ ಮನೆ ಯಜಮಾನನ ಹಾಗೆ ಓಡಾಡಿ ಎಲ್ಲ ವ್ಯವಸ್ಥೆ ಮಾಡಿದೆ. ಅಂಗಳದ ನಡುವೆ ಒಂದು ದೊಡ್ಡ ಬೇವಿನ ಮರ. ಊರಿನ ರೋಗಿಗಳೆಲ್ಲ ಅದರ ನೆರಳಲ್ಲೇ ಕೂತು ಕಾಯುವುದು. ಇಂಥ ನೆರಳಿರುವಾಗ ಶಾಮಿಯಾನ ಯಾಕೆ ದಂಡಕ್ಕೆ ಅಂತ ಅದನ್ನು ಕ್ಯಾನ್ಸಲ್ ಮಾಡಿದ್ದೆ. ಮರಕ್ಕೆ ಬೆನ್ನು ಹಾಕಿ, ಗೇಟಿನ ಪಕ್ಕದಲ್ಲೇ ಸಸಿ ಕೊಡುವ ನನ್ನ ಮೇಜು. ಹಾಸನದಿಂದ ಬಂದಿದ್ದ ಹಲ್ಲಿನ ಡಾಕ್ಟರ್ ಸುಮಾ ಅವರ ಮಡಚುವ ಕುರ್ಚಿ, ಸಾಮಾನು ಎಲ್ಲ ಒಳಗೆ, ಹಿಂದಿನ ಕೋಣೆಯಲ್ಲಿ. ಈ ಏರ್ಪಾಡಿನಲ್ಲಿ ಸಸಿ ತಗೊಂಡವರು ಒಳಗೆ ಹೋಗುವ ಅಗತ್ಯವೇ ಇಲ್ಲ, ಗೇಟಿನಿಂದಲೇ ತಿರುಗಬಹುದು ಅನ್ನುವುದು ಚಿಕ್ಕ ಮಕ್ಕಳಿಗೂ ತಿಳಿಯುವ ಮಾತು. ನಾನು ಚಿಕ್ಕ ಮಗುವಲ್ಲವಲ್ಲ! ನನಗೆ ತಿಳಿಯಲಿಲ್ಲ.

ಸಾಲದ್ದಕ್ಕೆ ನಮ್ಮ ಕಂಪನಿಯ ಒಂದು ವಾಡಿಕೆ. ಯಾವ ಸಮಾರಂಭವಾಗಲಿ, ಬಾಗಿಲಲ್ಲಿ ಬಂದವರಿಗೆ ಪನ್ನೀರು ಚಿಮುಕಿಸಿ ಒಂದು ಹಿಡಿ ಪೆಪ್ಪರಮಿಂಟು ಕೊಡುವುದು. ಕೈ ಅಭ್ಯಾಸ! ಡಾಕ್ಟರ್ ಸುಮಾ ಹೊರಗೆ ಬಂದು ನೋಡಿದಾಗ ಅಂಗಳದಲ್ಲಿದ್ದ ಪ್ರತಿಯೊಬ್ಬರ ಕೆನ್ನೆಯೂ ಉಬ್ಬಿತ್ತು. ನೆಲದ ತುಂಬ ಬಣ್ಣಬಣ್ಣದ ಪ್ಲಾಸ್ಟಿಕ್ ಕವರು.

"ಸಾರ್, ಇವತ್ತು ನಡೀತಿರೋದು ಹಲ್ಲಿನ ಕ್ಯಾಂಪು ತಾನೆ?" ಅಂತ ಮೆಲ್ಲಗೆ ಕೇಳಿದರು. ಬೈಯಲಿಲ್ಲ. ತಾವೇ ಬಗ್ಗಿ ಕವರು ಆಯತೊಡಗಿದರು. ನಾನೂ ಬಗ್ಗಿದೆ, ಮುಖ ಮುಚ್ಚಿಕೊಳ್ಳಲು ಅದೇ ಅನುಕೂಲವಾಗಿತ್ತು.

ಗಿರಿಜ ಹೇಳಿದ್ದು ಅಕ್ಷರಶಃ ನಿಜವಾಯಿತು. ಜನ ಜಾತ್ರೆ, ಬ್ರಷ್ ಒಂದೂ ಇಲ್ಲ. ಕೊನೆಗೆ ದೊಡ್ಡಮ್ಮನ ಪಕ್ಕದ ಮನೆಯ ಸಿದ್ದೇಗೌಡ, ನನಗಿಂತ ಹಿರಿಯ, ವಾದದಲ್ಲಿ ಲಾಯರಿಗೂ ನೀರು ಕುಡಿಸುವ ಆಸಾಮಿ, ತುದಿ ಜಗಿದ ಬೇವಿನ ಕಡ್ಡಿಯೊಂದನ್ನು ನನ್ನ ಮೇಜಿನ ಮೇಲಿಟ್ಟ.

"ತಕಳ್ಲಾ ನಾಗ. ಕೊಡು ಸಸಿ."

"ಇದೇನು ಸಿದ್ದಣ್ಣ? ಬ್ರಷ್ ಅಲ್ವಾ ಹೇಳಿದ್ದು?"

"ಇದೇ ಕಣ್ಲಾ ನಮ್ ಬ್ರಷ್ಷು. ಉಟ್ಟಿದಾಗ್ನಿಂದ ಇದ್ರಲ್ಲೇ ಉಜ್ಜಿರಾದು. ಬೆಳಿಗ್ಗೆ ಉಜ್ದೆ, ಈಗ ಅಳೇದಾಯ್ತು. ಪ್ಲಾಸ್ಟಿಕ್ಕೇ ಆಗ್ಬೇಕು ಅಂತ ನಿನ್ ಮೈಕು ಏಳ್ತಾ?"

ಹೇಳಿರಲಿಲ್ಲ. ಅಲ್ಲದೆ ಯೋಚಿಸಿ ನೋಡಿದರೆ, ಮಣ್ಣಿಗೆ ಬಿದ್ದರೆ ಮಣ್ಣಾಗುವ ಇದಕ್ಕಿಂತ ಪರಿಸರಸ್ನೇಹಿ ಬ್ರಷ್ ಇನ್ನೊಂದುಂಟೆ? ನಾನು ಗಂಭೀರವಾಗಿ ಗಂಟಲು ಸರಿಮಾಡಿಕೊಂಡು, "ಸದರಿ ಕಡ್ಡಿಯನ್ನು ಬ್ರಷ್ ಎಂದು ಅಂಗೀಕರಿಸಲಾಗಿದೆ" ಅಂತ ತೀರ್ಪು ಕೊಟ್ಟೆ. ಸಿದ್ದೇಗೌಡ ಸಸಿ ಹೊತ್ತುಕೊಂಡು ಹೋದ.

ಅಲ್ಲಿಂದ ಶುರುವಾಯಿತು ನೋಡಿ! ಗಂಡಸರು ಬಂದರು, ಹೆಂಗಸರು ಬಂದರು, ಹಲ್ಲು ಮೂಡದ ಕೂಸಿನ ಹೆಸರಲ್ಲಿ ಒಂದು ಕಡ್ಡಿ, ಹಲ್ಲೆಲ್ಲ ಉದುರಿದ ಅಜ್ಜನ ಹೆಸರಲ್ಲಿ ಇನ್ನೊಂದು ಕಡ್ಡಿ. ನಾನು ಕಡ್ಡಿ ತಗೊಳ್ಳುವುದು, ಸಸಿ ಕೊಡುವುದು, ಕಡ್ಡಿ ತಗೊಳ್ಳುವುದು, ಸಸಿ ಕೊಡುವುದು. ಸಸಿಗಳು ಖಾಲಿಯಾಗುತ್ತಾ ಬಂದ ಹಾಗೆ ನನ್ನ ಸಂಭ್ರಮ ಏರುತ್ತಾ ಹೋಯಿತು. ಇಡೀ ಜಿಲ್ಲೆ ಹಸಿರಾಗಿ ಹೋಯಿತು ಅಂತಲೇ ಅಂದುಕೊಂಡೆ. ನಡುವೆ ಒಂದು ವಿಷಯ ಮಾತ್ರ ವಿಚಿತ್ರವಾಗಿ ಕಂಡಿತು. ನೆರಳಲ್ಲಿ ಕೂತಿದ್ದ ನನ್ನ ಬೋಳುತಲೆ ಕಾದ ಕಾವಲಿಯಂತೆ ಚುರುಗುಟ್ಟತೊಡಗಿತ್ತು.

ತಿರುಗಿ ನೋಡಿದೆ.

ಬೇವಿನ ಮರ ನನ್ನ ತಲೆಗಿಂತ ಬೋಳಾಗಿತ್ತು! ಬುಡ ಇತ್ತು, ನಾಲ್ಕಾರು ದಪ್ಪ ಕೊಂಬೆ ಇತ್ತು, ತುತ್ತತುದಿಯಲ್ಲಿ ಕೈಗೆ ಎಟುಕದ ಒಂದು ಹಿಡಿ ಎಲೆ. ನಾನು ಬೆನ್ನು ಹಾಕಿ ಸಸಿ ಹಂಚುತ್ತಿದ್ದ ಅಷ್ಟೂ ಹೊತ್ತು ಜನ ಅಲ್ಲೇ ಕಡ್ಡಿ ಮುರಿದು, ಅಲ್ಲೇ ತುದಿ ಜಗಿದು, ಅಲ್ಲೇ ಹಳೇ ಬ್ರಷ್ ತಯಾರು ಮಾಡಿ ತಂದಿದ್ದರು. ಪರಿಸರ ಉಳಿಸಲು ಬಂದ ನಾನು ಊರಿಗಿದ್ದ ನೆರಳನ್ನೇ ಮುರಿಸಿ ಮೇಜಿನ ಮೇಲೆ ಗುಡ್ಡೆ ಹಾಕಿಕೊಂಡು ಕೂತಿದ್ದೆ.

ಸರಿಯಾಗಿ ಅದೇ ಹೊತ್ತಿಗೆ ಸಾವಿತ್ರಮ್ಮನವರ ಕಾರು ಬಂತು.

ಅವರು ಇಳಿದು ಮರ ನೋಡಿದರು, ಮೇಜಿನ ಮೇಲಿನ ಕಡ್ಡಿರಾಶಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಹಲ್ಲು ಎಷ್ಟು ಜನ ತೋರಿಸಿದ್ರು?" ಅಂದರು.

ಡಾಕ್ಟರ್ ಸುಮಾ ಬಾಗಿಲಲ್ಲಿ ನಿಂತಿದ್ದರು. ಬೆಳಿಗ್ಗೆ ಜೋಡಿಸಿಟ್ಟ ಸಾಮಾನು ಹಾಗೇ ಇತ್ತು. "ಇನ್ನೂ ಯಾರೂ ಬಂದಿಲ್ಲ ಮೇಡಂ," ಅಂದರು. ಒಬ್ಬರೂ ಇಲ್ಲ! ಕುರ್ಚಿ ಅರಕಲಗೂಡಿನ ಬಸ್ಸು ಹತ್ತಿದ್ದು ನನ್ನ ಕಣ್ಣಿಗೆ ಕಂಡಿತು. ಅಷ್ಟರಲ್ಲಿ ಬೋಳು ಮರದ ಕೆಳಗೆ ಕೂತಿದ್ದ ದೊಡ್ಡಮ್ಮ ಕೆನ್ನೆ ಹಿಡಿದುಕೊಂಡು ನರಳಿದಳು. ನಾನೇ ಅಕ್ಕರೆಯಿಂದ ಕೊಟ್ಟ ಪೆಪ್ಪರಮಿಂಟು ಅವಳ ಕೆಟ್ಟ ಹಲ್ಲಿಗೆ ಅಂಟಿ ಕೂತಿತ್ತು.

ಗೇಟಿಗೆ ಓಡಿ ಜನರನ್ನು ಅಡ್ಡಗಟ್ಟಿದೆ. "ದಯವಿಟ್ಟು ಬನ್ನಿ, ಹಲ್ಲು ತೋರಿಸಿ! ನೋವಾಗಲ್ಲ! ಏನೂ ಆಗಲ್ಲ!"

ಎರಡನೇ ಕಡ್ಡಿ ಹಿಡಿದು ಬಂದಿದ್ದ ಸಿದ್ದೇಗೌಡ ನಿಂತ. "ಏನೂ ಆಗಾಕಿಲ್ವಾ? ಅಂಗಾರೆ ನೀನೇ ಮೊದ್ಲು ಕೂತ್ಕಳ್ಲಾ. ನಾವೂ ನೋಡ್ತೀವಿ."

"ನನಗೇನು ಬೇಕಾಗಿಲ್ಲ ಸಿದ್ದಣ್ಣ, ನನ್ನ ಹಲ್ಲು ಕಬ್ಬಿಣ!"

"ಕಬ್ಣಾನೇ ತೋರ್ಸು."

ಊರಿಗೆ ಊರೇ ನನ್ನ ಬಾಯಿ ನೋಡುತ್ತಿತ್ತು. ಸಾವಿತ್ರಮ್ಮನವರೂ ನೋಡುತ್ತಿದ್ದರು. ದೊಡ್ಡಮ್ಮನ ಮುಖ ನೋಡಿ, ಹೋಗಿ ಕುರ್ಚಿಯಲ್ಲಿ ಕೂತೆ. ಕುರ್ಚಿಯ ಎರಡೂ ಕೈ ಬಿಗಿಯಾಗಿ ಹಿಡಿದುಕೊಂಡೆ, ಅದು ಬಿದ್ದುಬಿಡಬಾರದಲ್ಲ! ಡಾಕ್ಟರ್ ಸುಮಾ ಕನ್ನಡಿ ಕೈಗೆತ್ತಿಕೊಂಡರು. ನಾನು ಕಿಟಾರನೆ ಕಿರುಚಿದೆ.

"ಸಾರ್, ನಾನಿನ್ನೂ ಮುಟ್ಟೇ ಇಲ್ಲ," ಅಂದರು.

ಕಿಟಕಿ, ಬಾಗಿಲು, ಎಲ್ಲ ಕಡೆಯಿಂದ ನಗು. ಆಮೇಲೆ ಬಾಯೊಳಗೆ ಬೆಳಕು ಬಿಟ್ಟು ನೋಡಿದ ಡಾಕ್ಟರ ಮುಖ ಗಂಭೀರವಾಯಿತು. ಹಿಂದಿನ ಒಂದು ದವಡೆ ಹಲ್ಲು ಒಳಗಿಂದೊಳಗೇ ಪೂರ್ತಿ ಹಾಳಾಗಿದೆಯಂತೆ, ತೆಗೆಯಲೇಬೇಕಂತೆ! ನನ್ನ ಕಬ್ಬಿಣಕ್ಕೆ ತುಕ್ಕು ಹಿಡಿದಿತ್ತು. ಆ ಹೆಣ್ಣುಮಗಳ ಕೈಗುಣವನ್ನು ಎಷ್ಟು ಹೊಗಳಿದರೂ ಸಾಲದು. ಮಕ್ಕಳಿಗೆ ಕತೆ ಹೇಳುವ ಹಾಗೆ ಮಾತಾಡುತ್ತಾ, ನನ್ನ ಬೆವರು ಒರೆಸುತ್ತಾ, ಸೂಜಿ ಕೊಟ್ಟದ್ದೂ ಗೊತ್ತಾಗಲಿಲ್ಲ, ಹಲ್ಲು ಬಂದದ್ದೂ ಗೊತ್ತಾಗಲಿಲ್ಲ. "ಆಯ್ತು, ಏಳಿ" ಅಂದಾಗ ನಾನು ಇನ್ನೊಂದು ಸಲ ಕಿರುಚಲು ತಯಾರಾಗುತ್ತಿದ್ದೆ.

"ಇಷ್ಟೇನಾ?" ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ ಕೇಳಿದಳು. "ಇಷ್ಟಕ್ಕಾ ಇವ್ನು ಅಂಗೆ ಬಡ್ಕಂಡಿದ್ದು? ಏಳ್ಲಾ ಮ್ಯಾಕೆ!" ನನ್ನನ್ನು ಎಬ್ಬಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾನೇ ಹತ್ತಿ ಕೂತಳು. ಹಲ್ಲು ತೆಗೆಯುವಾಗ ಹುಬ್ಬು ಕೂಡ ಗಂಟಿಕ್ಕಲಿಲ್ಲ ಮಹಾತಾಯಿ! ನಾನು ಬಾಯಿಗೆ ಹತ್ತಿ ತುರುಕಿಕೊಂಡು ಕಣ್ಣೊರೆಸಿಕೊಂಡೆ. ಇಷ್ಟು ವರ್ಷ ನೋವು ತಿಂದಳಲ್ಲ ಅಂತ ದುಃಖವಾಯಿತು, ಇನ್ನು ತಿನ್ನಬೇಕಾಗಿಲ್ಲ ಅಂತ ಖುಷಿಯೂ ಆಯಿತು.

ಅವಳ ಹಿಂದೆ ಸಾಲು ಬೆಳೆಯಿತು. ಸಸಿ ಹೊತ್ತು ಮನೆ ಸೇರಿದ್ದವರೂ ವಾಪಸು ಬಂದರು. ಮ್ಯಾನೇಜರೇ ಅತ್ತ ಜಾಗದಲ್ಲಿ ಅಳದೆ ಕೂತು ಎದ್ದು ಬರುವುದು ಊರಿನಲ್ಲಿ ಪ್ರತಿಷ್ಠೆಯ ಪ್ರಶ್ನೆಯಾಗಿಬಿಟ್ಟಿತ್ತು. ಡಾಕ್ಟರ್ ಸುಮಾ ಊಟಕ್ಕೂ ಏಳದೆ ಕತ್ತಲಾಗುವವರೆಗೆ ಒಬ್ಬೊಬ್ಬರನ್ನೇ ನೋಡಿದರು. ಸಾವಿತ್ರಮ್ಮನವರು ದೊಡ್ಡಮ್ಮನ ಪಕ್ಕ ಕಲ್ಲಿನ ಮೇಲೆ ಕೂತು, ಅವಳ ಮನೆಯಿಂದ ಬಂದ ಮಜ್ಜಿಗೆ ಕುಡಿದು, "ಕುರ್ಚಿ ಈ ಊರಿಗೇ" ಅಂದರು. ಕುರ್ಚಿಯಷ್ಟೇ ಅಲ್ಲ, ಮುಂದಿನ ವರ್ಷದಿಂದ ಪೆಪ್ಪರಮಿಂಟಿಗೆ ಪ್ಲಾಸ್ಟಿಕ್ ಬದಲು ಕಾಗದದ ಕವರನ್ನೂ ಹಾಕಿಸಿದರು. ಆಡಿದ ಮಾತಿನಂತೆ ನಡೆಯುವ ಇಂಥವರ ಕೈಕೆಳಗೆ ದುಡಿದೆ ಅನ್ನೋದು ನನಗೆ ಇವತ್ತಿಗೂ ಹೆಮ್ಮೆ.

ಹೊರಡುವಾಗ ಕಾರಿನ ಕಿಟಕಿ ಇಳಿಸಿ ಹೇಳಿದರು. "ನಾಗರಾಜ್, ಆ ಬೇವಿನ ಮರ ಚಿಗುರೋವರೆಗೂ ಪ್ರತಿ ಭಾನುವಾರ ನೀವೇ ಬಂದು ನೀರು ಹಾಕಬೇಕು."

ಹಾಕಿದೆ. ಹಾಸನದಿಂದ ಬಸ್ಸಿನಲ್ಲಿ ಬಂದು, ಕೊಡ ಹೊತ್ತು, ಊರಿನವರ ನಗುವಿನ ನಡುವೆ ಹಾಕಿದೆ. ಸಾವಿತ್ರಮ್ಮನವರ ಜೊತೆ ಬಂದಿದ್ದ ಫೋಟೋಗ್ರಾಫರ್ ತೆಗೆದ ನನ್ನ ಕಿರುಚಾಟದ ಫೋಟೋ ಕಂಪನಿಯ ನೋಟಿಸ್ ಬೋರ್ಡಿನಲ್ಲಿ 'ಶಿಬಿರದ ಪ್ರಥಮ ಫಲಾನುಭವಿ' ಅನ್ನುವ ಬರಹದೊಂದಿಗೆ ಬಹಳ ಕಾಲ ಇತ್ತು. ಗಿರಿಜ ಅದನ್ನು ನೋಡಲೆಂದೇ ಒಂದು ದಿನ ಫ್ಯಾಕ್ಟರಿಗೆ ಬಂದಿದ್ದಳು.

ಯುಗಾದಿ ಹೊತ್ತಿಗೆ ಮರ ಚಿಗುರಿತು. ಕೊಂಬೆಕೊಂಬೆಗೂ ಕೆಂಪು ಚಿಗುರು, ಮೊದಲಿಗಿಂತ ದಟ್ಟ ನೆರಳು. ಅದರ ಕೆಳಗೆ ಕೂತು ದೊಡ್ಡಮ್ಮ ಹುರಿಗಡಲೆ ಜಗಿಯುತ್ತಾ ನನಗೂ ಒಂದು ಹಿಡಿ ಕೊಟ್ಟಳು. ನಾನು ಜಗಿಯಲು ಹೋಗಿ, ಖಾಲಿ ಜಾಗಕ್ಕೆ ಕಡಲೆ ಸಿಕ್ಕಿಕೊಂಡು ಒದ್ದಾಡುವುದನ್ನು ನೋಡಿ, "ನೀನೂ ಬುಡಕ್ಕೆ ನೀರ್ ಆಕ್ಕಂಡು ನೋಡ್ಲಾ ನಾಗ" ಅಂದಳು.

ಬಾಯಿ ಮುಕ್ಕಳಿಸುವಾಗಲೆಲ್ಲ ಹಾಕಿಕೊಳ್ಳುತ್ತಲೇ ಇದ್ದೇನೆ. ಇನ್ನೂ ಚಿಗುರಿಲ್ಲ!