ಒಂದೇ ಜೋಡಿ ದಸ್ತಾನಾ

ದವಾಖಾನ್ಯಾಗ ನೌಕರಿ ಮಾಡಿದವಗ ನಗೋ ಪ್ರಸಂಗಕ್ಕೇನೂ ಕಡಿಮಿ ಇಲ್ಲ. ನಗಲಿಕ್ಕೆ ಜೀವ ಉಳಿದಿರಬೇಕು, ಅಷ್ಟೇ. ನಿಜಾಮರ ಕಾಲದಾಗ ವಾಡಿ ಹತ್ರ ಒಂದು ಸಣ್ಣ ದವಾಖಾನ್ಯಾಗ ನಾ ಕಂಪೌಂಡರ್ ಇದ್ದೆ. ಆ ವರ್ಷ ಪ್ಲೇಗು ಬಂತು. ಊರ ಹೊರಗ ಗುಡಿಸಲು ಹಾಕಿ ಬ್ಯಾನಿ ಬಂದವರನ್ನ ಅಲ್ಲಿ ಮಲಗಿಸಿದ್ರು. ಅವರನ್ನ ಮುಟ್ಟೋರು ಇಬ್ಬರೇ: ನಾನು, ಮತ್ತ ದವಾಖಾನಿ ಆಯಾ.

ಅಲಮಾರಿ

ಹೈದರಾಬಾದಿನಿಂದ ರೈಲಿನಾಗ ಕೈಗೆ ಹಾಕ್ಕೊಳ್ಳೋ ರಬ್ಬರ್ ದಸ್ತಾನಾ ಬಂದ್ವು. ಒಂದೇ ಜೋಡಿ. ಡಾಕ್ಟರ್ ಸಾಹೇಬ್ರು ಅವನ್ನ ಅಲಮಾರ್ಯಾಗಿಟ್ಟು ಕೀಲಿ ಹಾಕಿದ್ರು.

"ಸಾಹೇಬ್ರ, ರೋಗಿನ್ನ ಮುಟ್ಟೋರು ನಾವ್ರಿ," ಅಂದ್ಳು ಆಯಾ. "ಗಂಡ ಇಲ್ಲ, ಮಗಳು ಸಣ್ಣಾಕಿ ಅದಾಳ. ನಾ ಹೋದ್ರ ಆಕೀಗಿ ಯಾರದಾರ್ರಿ?"

"ಸರ್ಕಾರದ ಮಾಲು ಇದು. ಹರದ್ರ ಜವಾಬು ಯಾರು ಕೊಡ್ತಾರ?"

"ನಾವೇ ಸತ್ರ?"

"ನಿನ್ನ ಜಾಗಕ್ಕ ಬ್ಯಾರೆಯಾಕಿ ಬರ್ತಾಳ. ಇವು ಬರಂಗಿಲ್ಲ."

ಕೈ ಹಚ್ಚಿ ನೋಡೋದು

ರೋಗಿನ್ನ ನೋಡಲಿಕ್ಕೆ ಸಾಹೇಬ್ರು ದೂರ ಬೇವಿನ ಗಿಡದ ನೆಳ್ಳಾಗ, ಮೂಗಿಗಿ ಅತ್ತರಿನ ರುಮಾಲು ಹಿಡಕೊಂಡು ನಿಂದರ್ತಿದ್ರು. ಅಲ್ಲಿಂದಲೇ ಒದರ್ತಿದ್ರು: "ಬಗಲಾಗ ಗಂಟು ಅದ ಏನು ನೋಡು!"

ನಾ ಬರಿಗೈಲೆ ಒತ್ತಿ ನೋಡಿ, "ಅದರಿ, ನಿಂಬಿಕಾಯಿಯಷ್ಟು!" ಅಂತಿದ್ದೆ.

ಆಗ ಅವರು ರೋಗಿ ಮನಿಯವರ ಕಡಿ ತಿರುಗಿ, "ಕೈ ಹಚ್ಚಿ ನೋಡೇವಿ, ಗಾಬರಿ ಆಗಬ್ಯಾಡ್ರಿ" ಅಂತಿದ್ರು. ಯಾರ ಕೈ ಅಂತ ಯಾರೂ ಕೇಳಲಿಲ್ಲ.

ಓಣಿ ನಾಯಿ

ಹೆಂಡ್ತಿ ನನ್ನ ಮನಿ ಒಳಗ ಬಿಡ್ತಿದ್ದಿಲ್ಲ. ಕಟ್ಟಿ ಮ್ಯಾಲ ರೊಟ್ಟಿ ಇಟ್ಟು ಬಾಗಲಾ ಹಾಕ್ಕೋತಿದ್ಳು. ಒಂದಿನ ಓಣಿ ನಾಯಿ ರೊಟ್ಟಿ ಆಶಾಕ ಬಂತು. ನನ್ನ ಮೈಯಾಗಿನ ಫಿನೈಲ್ ವಾಸನಿ ಮೂಸಿ, ಬಾಲ ಮುದುರಿ ಹೋಯ್ತು.

"ಅದಕ್ಕರೆ ಬುದ್ಧಿ ಅದ!" ಅಂದ್ಳು ಹೆಂಡ್ತಿ, ಒಳಗಿಂದ.

ದೊಡ್ಡ ಸಾಹೇಬ್ರು

ತಪಾಸಣಿಗಿ ದೊಡ್ಡ ಸಾಹೇಬ್ರು ಬಂದ ದಿನ ಅಲಮಾರಿ ತೆರೀತು. ಬಲಗೈದು ನನಗ, ಎಡಗೈದು ಆಯಾಗ.

"ಇನ್ನೊಂದು ಕೈರಿ?" ಅಂದೆ.

"ಬೆನ್ನ ಹಿಂದ ಇಟ್ಕೋ."

ಇಬ್ಬರೂ ಹಂಗೇ ನಿಂತಿವಿ. "ಬಹುತ್ ಖೂಬ್, ಎಷ್ಟು ಅದಬಿಲೆ, ಮರ್ಯಾದಿಲೆ ನಿಂತಾರ!" ಅಂತ ದೊಡ್ಡ ಸಾಹೇಬ್ರು ಖುಷಿಯಾಗಿ ಟಾಂಗಾ ಹತ್ತಿದ್ರು. ಅದರ ಧೂಳು ಅಡಗೋದ್ರಾಗ ನಮ್ಮ ಸಾಹೇಬ್ರು ತಾಟು ಮುಂದ ಹಿಡದ್ರು: "ತೆಗದು ಹಾಕ್ರಿ."

ಆಯಾ ದಸ್ತಾನಾ ಹಾಕಿದ ಕೈ ಎದಿಗಿ ಒತ್ತಿ ಹಿಡಕೊಂಡ್ಳು. "ಇದೊಂದರೆ ಇರ್ಲಿ ಬಿಡ್ರಿ, ನಿಮ್ಮ ಕಾಲಿಗಿ ಬೀಳ್ತೀನಿ."

"ಒಂದು ತಗೊಂಡು ಏನು ಮಾಡ್ತಿ? ಜೋಡಿ ಕೆಡಸಬ್ಯಾಡ!"

ಕಡೀಗಿ ಹೊರಗ ಬಂದ್ವು

ಮುಂದ ಸ್ವಲ್ಪ ದಿನಕ್ಕ ಆಯಾನೇ ಆ ಗುಡಿಸಲದಾಗ ಮಲಗಿದ್ಳು. ನನಗ ಸಿಟ್ಟು ನೆತ್ತಿಗೇರಿತ್ತು. "ಸಾಹೇಬ್ರ, ಈಕಿನ್ನ ನೀವೇ ಮುಟ್ಟಿ ನೋಡ್ರಿ. ಇಲ್ಲಂದ್ರ ನಾಳಿಂದ ನಾ ಬರಂಗಿಲ್ಲ," ಅಂದೆ. ನಾನೂ ನೌಕರಿ ಬಿಟ್ರ ರೋಗಿಗಳನ್ನ ಯಾರು ಮುಟ್ಟಬೇಕು? ಆ ಅಂಜಿಕಿಗೇ ಸಾಹೇಬ್ರು ಬಂದ್ರು, ಎರಡೂ ಕೈಗೆ ದಸ್ತಾನಾ ಏರಿಸ್ಕೊಂಡು.

ಆಯಾ ಕಣ್ಣು ತೆರೆದು ಆ ಕೈ ನೋಡಿ ನಕ್ಕಳು. "ಅಯ್ಯ ನಮ್ಮವ್ವ, ಹೊರಗ ಬಂದ್ವೇನ್ರಿ! ಮೆಲ್ಲಕ ಮುಟ್ರಿ ಸಾಹೇಬ್ರ, ಹರದಾವು. ನನ್ನ ಜಾಗಕ್ಕ ಬ್ಯಾರೆಯಾಕಿ ಬರ್ತಾಳ, ಅವು ಬರಂಗಿಲ್ಲ."

ಬ್ಯಾನ್ಯಾಗ ನರಳೋ ಮಂದಿನೂ ನಕ್ಕರು. ನಾನೂ ನಕ್ಕೆ, ಕಣ್ಣಾಗ ನೀರು ಬರೋತನಾ.

ಮರುದಿನ ಆಕಿ ಹೋದ್ಳು. ಮಗಳನ್ನ ಮಳಖೇಡದ ಸೋದರಮಾವ ಕರಕೊಂಡು ಹೋದ. ಹುಡುಗಿ ಅವ್ವನ್ನ ಕೇಳ್ಕೋತಾನೇ ಬಂಡಿ ಹತ್ತಿತು. ದಸ್ತಾನಾ ತೊಳದು, ಒಣಗಿಸಿ, ಮತ್ತ ಅಲಮಾರ್ಯಾಗ ಇಟ್ರು. ಆ ವಾರದಾಗೇ ಆಯಾನ ಜಾಗಕ್ಕ ಬ್ಯಾರೆಯಾಕಿ ಬಂದ್ಳು.

ನಮ್ಮ ಸಾಹೇಬ್ರು ಆಡಿದ ಮಾತು ತಪ್ಪೋ ಮನಷ್ಯಾ ಅಲ್ರಿ.