ನಿಂತಲ್ಲೇ ನಿಲ್ಲುವ ಚಿತ್ರ

ನಮ್ಮ ಸೋದರಮಾವನಷ್ಟು ದೇಶ ಸುತ್ತಿದ ಕಲಾವಿದ ಹೊಸಪೇಟೆಯಲ್ಲಿ ಇನ್ನೊಬ್ಬರಿಲ್ಲ! ತಿದ್ದುಪಡಿ: ಸುತ್ತಿದ್ದು ಅವರಲ್ಲ, ಅವರ ಚಿತ್ರಗಳು. ಇಷ್ಟು ವರ್ಷ ಅವರು ಬರೆದದ್ದೆಲ್ಲ ಸಂಡೂರಿನ ಅದಿರು ಲಾರಿಗಳ ಹಿಂಬದಿಯ ಮೇಲೆ. ಬಣ್ಣ ಒಣಗುವ ಮೊದಲೇ ಹುಲಿ, ನವಿಲು ಎಲ್ಲ ಊರು ಬಿಡುತ್ತಿದ್ದವು. ಬಸ್ಸಿನಲ್ಲಿ ಹೋಗುವಾಗ ತಮ್ಮ ನವಿಲು ಕಂಡರೆ ಸಾಕು, ಮಾವ ಸೀಟು ಬಿಟ್ಟು ಎದ್ದು ನಿಲ್ಲುತ್ತಿದ್ದರು.

ಹಂಪಿಗೆ ಬಂದ ವಿದೇಶಿಯೊಬ್ಬ ಅವರ ಗುಲಾಬಿ ಹುಲಿ ನೋಡಿ 'ಪಾಪ್ ಆರ್ಟ್' ಎಂದನಂತೆ. ಹೊಗಳಿದನೋ ಬೈದನೋ, ಪತ್ರಿಕೆಯವನಾದ ನನಗೂ ಖಚಿತಪಡಿಸಿಕೊಳ್ಳಲು ಆಗಿಲ್ಲ. ಮರುದಿನ ಅಂಗಡಿಯ ಬೋರ್ಡಿನಲ್ಲಿ ಮಾವ 'ಪಾಪ್ ಆರ್ಟಿಸ್ಟ್' ಆಗಿದ್ದರು.

ಮನೆಯಲ್ಲಿ ಮಾತ್ರ ಅವರ ಕಣ್ಣಿಗೆ ಏನೂ ಬೀಳುತ್ತಿರಲಿಲ್ಲ. ಅತ್ತೆ ಹೊಸ ಮೂಗುತಿ ಹಾಕಿಕೊಂಡು ವಾರ ಕಳೆದರೂ ಇಲ್ಲ. "ನಾ ಲಾರಿ ಆಗಿದ್ರ ನೋಡ್ತಿದ್ರು" ಎನ್ನುವುದು ಅತ್ತೆಯ ಖಾಯಂ ಹೇಳಿಕೆ.

ಹೀಗಿರುವಾಗ ದೋಣಿಮಲೈ ಕಡೆಯ ಹಾಕಿ ಕ್ಲಬ್ಬೊಂದು ಮಾವನನ್ನು ಹುಡುಕಿಕೊಂಡು ಬಂತು. ಕ್ಲಬ್ಬಿನ ಹೊಸ ಹಾಲ್ ಉದ್ಘಾಟನೆಗೆ ಹೆಸರಾಂತ ಆಟಗಾರರೊಬ್ಬರು ಬರುತ್ತಾರೆ. ಅವರದೇ ಚಿತ್ರ ಬೇಕು. ಅವರು ಒಪ್ಪಿದರೆ ಗೋಡೆಗೆ, ಇಲ್ಲದಿದ್ದರೆ ವಾಪಸ್. ಮಾವನಿಗೆ ಊಟ ಸೇರಲಿಲ್ಲ. "ಒಂದಾರ ಚಿತ್ರ ನಿಂತಲ್ಲೇ ನಿಲ್ಲಬೇಕಪ್ಪ" ಎಂದರು.

ನಮ್ಮ ಪತ್ರಿಕೆಯಲ್ಲಿ ಬಂದ ಫೋಟೊ ಕೊಟ್ಟೆ. ಮುಖ ಸರಿಯಿತ್ತು, ಕೈ ಇರಬೇಕಾದಲ್ಲಿ ಸೀರೆಯ ಜಾಹೀರಾತಿತ್ತು! ಮೊಬೈಲಿನಲ್ಲಿ ಅವರ ಆಟ ತೋರಿಸಿದೆ.

"ಗಾಜಿನಾಗಿನ ಕೈ ನೋಡಿ ಕೈ ಬರೀಬಾರ್ದು."

"ಹುಲೀನ ಎಲ್ಲಿ ನೋಡಿದ್ರಿ ಮಾವ?"

"ಹುಲಿ ಬಂದು ತಪ್ಪೈತಿ ಅಂತ ಹೇಳ್ತೈತೇನು? ಇವ್ರು ಬರ್ತಾರ!"

ಕೊನೆಗೆ ಅಂಗಳ ಗುಡಿಸುತ್ತಿದ್ದ ಅತ್ತೆ ಸಿಕ್ಕರು. ಬಗ್ಗಿದ ಬೆನ್ನು, ಎರಡೂ ಕೈಯಲ್ಲಿ ಕಸಬರಿಗೆ. ಹಾಕಿಗೆ ಇನ್ನೇನು ಬೇಕು?

"ಹಂಗ ನಿಂದ್ರಲೇ. ಚೆಂಡು ನೋಡು."

"ಎಲ್ಲೈತ್ರಿ ಚೆಂಡು? ಬರೀ ಕಸ ಐತಿ."

"ಅದನ್ನ ಚೆಂಡು ಅನ್ಕೋ."

"ಒಲಿ ಮ್ಯಾಲಿನ ಅನ್ನ ಹೊತ್ತಾಕತ್ತೈತಿ. ಅದನ್ನ ಗೋಲು ಅನ್ಕೊಳ್ಳೇನು?"

ಉದ್ಘಾಟನೆಯ ದಿನ ಪರದೆ ಸರಿಯಿತು. ಹಸಿರು ಮುಖ, ಗುಲಾಬಿ ಸ್ಟಿಕ್, ಕಿತ್ತಳೆ ಮೈದಾನ. ಕಾರ್ಯದರ್ಶಿ ಬೆವರು ಒರೆಸಿಕೊಂಡರು. ಆಟಗಾರರು ಹತ್ತಿರ ಹೋಗಿ ನೋಡಿದರು. ಹಸಿರು ಮುಖದ ಬಗ್ಗೆ ಚಕಾರವಿಲ್ಲ! ಬೆರಳಿಟ್ಟದ್ದು ಮಣಿಕಟ್ಟಿನ ಮೇಲಿದ್ದ ಕಂದು ಗುರುತಿನ ಮೇಲೆ.

"ಈ ಕಲೆ ನನ್ನ ಕೈಯಲ್ಲಿ ಇಲ್ಲವಲ್ಲ?"

"ಈಗಿಂದೀಗ ಅಳಿಸ್ತಾರ್ರಿ ಸರ್!" ಎಂದರು ಕಾರ್ಯದರ್ಶಿ.

"ಬೇಕಾದ್ರ ಮುಖ ಬದಲಿ ಮಾಡ್ತೀನ್ರಿ" ಎಂದರು ಮಾವ. "ಅದನ್ನ ಮಾತ್ರ ಮುಟ್ಟೂದಿಲ್ಲ. ರೊಟ್ಟಿ ಹಂಚು ತಾಗಿದ್ದು. ನಮ್ಮ ಮನ್ಯಾಕಿದು."

ಹಾಲ್ ತುಂಬ ನಗು. ಹಿಂದಿನ ಸಾಲಿನಲ್ಲಿ ಅತ್ತೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಆಟಗಾರರು ಅಲ್ಲಿಯವರೆಗೆ ನಡೆದು ಬಂದು, "ಹಿಡಿತ ಚೆನ್ನಾಗಿದೆ ಅಮ್ಮ" ಎಂದು ಕೈಮುಗಿದರು. ಆಮೇಲೆ ತಿರುಗಿ, "ಮೊಳೆ ಹೊಡೀರಿ" ಎಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತೆ ಕೇಳಿದರು: "ಆ ಕಲೆ ನಿಮಗ ಯಾವಾಗ ಕಂಡಿತ್ರಿ?"

"ಸುಟ್ಟ ದಿನಾನ."

ಅಷ್ಟರಲ್ಲಿ ಅದಿರು ಲಾರಿಯೊಂದು ನಮ್ಮನ್ನು ಹಿಂದಿಕ್ಕಿತು. "ನೋಡ್ರಿ, ನಿಮ್ಮ ನವಿಲು!" ಎಂದರು ಅತ್ತೆ.

ಮಾವ ಎದ್ದು ನಿಲ್ಲಲಿಲ್ಲ. ಅವರು ಅತ್ತೆಯ ಮೂಗುತಿ ನೋಡುತ್ತಿದ್ದರು.